ಹೊಸ್ತಿಲ ಹೊರಗೆ ನಿಂತು ಕರೆದದ್ದು

ನಿಮ್ಮ ಅವ್ವ ಗದಗಿನ ಕಾಲೇಜಿನಲ್ಲಿ ಎಂ.ಬಿ.ಎ. ಓದುತ್ತಿದ್ದಾಗ ನೀವಿಬ್ಬರೂ ಸಣ್ಣವರು. ಬೆಳಿಗ್ಗೆ ನಿಮ್ಮನ್ನು ನನ್ನ ಹತ್ತಿರ ಬಿಟ್ಟು ನಮ್ಮ ಡಂಬಳದಿಂದ ಬಸ್ಸು ಹಿಡಿಯುತ್ತಿದ್ದಳು. ವ್ಯಾಪಾರ ನಡೆಸುವುದನ್ನು ಕಲಿಯಲು ಕಾಲೇಜಿಗೆ ಏಕೆ ಹೋಗಬೇಕೆಂದು ನನಗೆ ತಿಳಿಯುತ್ತಿರಲಿಲ್ಲ, ಕೇಳಲು ಸಂಕೋಚ. ನಾನು ಊರ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದವಳು. ನಿಮ್ಮ ಅಜ್ಜ ಹೋದ ಮೇಲಂತೂ ಹೊಲ, ಮನೆ ಬಿಟ್ಟರೆ ಮತ್ತೊಬ್ಬರ ಅಂಗಳ ತುಳಿದಿರಲಿಲ್ಲ.

ಎರಡನೇ ವರ್ಷದಲ್ಲಿ ಕಾಲೇಜಿನವರು, ಒಬ್ಬೊಬ್ಬರೂ ಯಾವುದಾದರೂ ಊರಿಗೆ ಉಪಯೋಗವಾಗುವ ಒಂದು ಕೆಲಸವನ್ನು ಮುಂದೆ ನಿಂತು ಮಾಡಿಸಬೇಕೆಂದರು. ನಿಮ್ಮ ಅವ್ವ ನಮ್ಮ ಓಣಿಯ ಹೆಂಗಸರಿಗೆ ಕಣ್ಣಿನ ತಪಾಸಣೆ ಮಾಡಿಸುತ್ತೇನೆಂದಳು. ಕೌದಿ ಹೊಲಿಯಲು ಕೂತಾಗ ಸೂಜಿಗೆ ದಾರ ಪೋಣಿಸಲಾಗದೆ ನಾನು ಪ್ರತಿ ಸಲ ನಿಮ್ಮನ್ನು ಕೂಗುತ್ತಿದ್ದುದನ್ನು ಅವಳು ನೋಡಿದ್ದಳು. ಗದಗಿನ ಡಾಕ್ಟರೊಬ್ಬರು ಬರಲು ಒಪ್ಪಿದರು. ಎತ್ತು ಹೂಡದೆ ಎಲ್ಲರೂ ಮನೆಯಲ್ಲಿರುವ ಸೋಮವಾರವನ್ನೇ ಗೊತ್ತು ಮಾಡಿದಳು.

ಹಿಂದಿನ ವಾರ ಒಂದು ಸಂಜೆ ಮನೆಮನೆಗೆ ಹೋಗಿ ಹೇಳಿ ಬಂದಳು. ಅಷ್ಟರಲ್ಲೇ ಓಣಿ ಪೂರ್ತಿ ಮುಗಿಯಿತೆಂದು ಖುಷಿಯಲ್ಲಿದ್ದಳು. ಮರುದಿನ ಎದುರು ಮನೆಯಾಕೆ ಹೆಪ್ಪು ಕೇಳುವ ನೆಪ ಮಾಡಿಕೊಂಡು ಬಂದಳು.

“ಯಕ್ಕಾ, ನಿನ್ನ ಸೊಸಿ ಬಂದಿದ್ಲು. ಒಳಗ ಬಾ ಅಂದ್ರ ಬರಲಿಲ್ಲ, ನೀರ ಕುಡಿ ಅಂದ್ರ ಕುಡೀಲಿಲ್ಲ. ಚಪ್ಪಲಿ ಮೆಟಗೊಂಡ ಹೊರಗ ನಿಂತು ಹೇಳಿ ಹ್ವಾದ್ಲು. ಯಾರ ತೀರಕೊಂಡ್ರಪಾ ಅಂತ ನನ್ನ ಎದಿ ಧಸಕ್ಕಂತು!”

ನಮ್ಮ ಕಡೆ ಸಾವಿನ ಸುದ್ದಿ ತಂದವರು ಮಾತ್ರ ಹೊಸ್ತಿಲು ದಾಟುವುದಿಲ್ಲ, ನೀರು ಮುಟ್ಟುವುದಿಲ್ಲ. ಕರೆಯಲು ಬಂದವರು ಒಳಗೆ ಬಂದು ಕೂತು, ಬೆಲ್ಲ ನೀರು ತೆಗೆದುಕೊಂಡು, ನಾಲ್ಕು ಮಾತಾಡಬೇಕು. ಲಕ್ಷ್ಮೇಶ್ವರದಲ್ಲಿ ಹುಟ್ಟಿ ಬೆಳೆದ ನಿಮ್ಮ ಅವ್ವನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಅವಸರದಲ್ಲಿ ಖಬರ ಮುಟ್ಟಿಸಿದರೆ ಸಾಕೆಂದುಕೊಂಡಿದ್ದಳು.

“ಹಂಗಾರ ಯಾರೂ ಬರೂದಿಲ್ಲೇನ್ರಿ?” ಎಂದಳು, ಮಾತು ಕೇಳಿ ಒಳಗಿನಿಂದ ಬಂದ ನಿಮ್ಮ ಅವ್ವ.

“ಹಿಂಗ ಕರದ್ರ ಲಗ್ನದ ಊಟಕ್ಕೂ ಬರೂದಿಲ್ಲ ಬಿಡವಾ,” ಎಂದು ಆಕೆ ಹೆಪ್ಪು ತೆಗೆದುಕೊಂಡು ನಗುತ್ತ ಹೋದಳು.

ನಿಮ್ಮ ಅವ್ವ ನಗಲಿಲ್ಲ. ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟದ ಮೇಲಿಟ್ಟಳು. “ಡಾಕ್ಟರು ಬಂದು ಖಾಲಿ ಕುರ್ಚಿ ನೋಡಿ ಹ್ವಾದ್ರ ನಾ ಕಾಲೇಜಿಗೆ ಮತ್ತ ಮುಖ ತೋರಸೂದಿಲ್ರಿ ಅತ್ತಿ. ಓದು ಇಲ್ಲಿಗೇ ಸಾಕು.” ಆಮೇಲೆ ನನ್ನ ಮುಂದೆ ಬಂದು ಕೂತಳು. “ಇಲ್ಲಂದ್ರ ನೀವು ನನ್ನ ಜೋಡಿ ಬರ್ರಿ. ಮತ್ತ ಕರದು ಬರೋಣು.”

“ನಾ ಹೆಂಗ ಬರ್ಲಿ? ನನ್ನಂಥಾಕಿ ಕರೆಯಾಕ ಹೋಗಬಾರದವಾ.”

“ಅರಿಷಿಣ-ಕುಂಕುಮಕ್ಕ ಕರೆಯಾಕ ಹೊಂಟಿಲ್ರಿ. ಕಣ್ಣು ಎಲ್ಲಾರಿಗೂ ಅದಾವ.”

ತಲೆ ತುಂಬ ಸೆರಗು ಹೊದ್ದು ಹೊರಟೆ. ಮೊದಲು ಎದುರು ಮನೆ. ನಾಲ್ಕು ಹೆಜ್ಜೆಯ ದಾರಿಯಲ್ಲಿ ಎರಡು ಸಲ ನಿಂತು ಸೆರಗು ಸರಿ ಮಾಡಿಕೊಂಡೆ.

“ಅಯ್ಯ, ಯಾರ ಬಂದಾರ ನೋಡ್ರೋ! ದಾರಿ ತಪ್ಪಿ ಬಂದ್ಯೇನಕ್ಕಾ?” ಎಂದು ಆಕೆ ಜಮಖಾನೆ ಹಾಸಿದಳು. ಬೆಲ್ಲ, ನೀರು ಬಂತು, ಹಿಂದೆಯೇ ಚಹಾ. ಅಪಶಕುನವೆಂಬ ಭಾವ ಅವಳ ಮುಖದಲ್ಲಿ ಹುಡುಕಿದೆ. ಇರಲಿಲ್ಲ.

ಆಮೇಲೆ ಮನೆಮನೆಗೂ ಹೋದೆವು. ಒಬ್ಬ ಮುದುಕಿ ತನ್ನ ಎಮ್ಮೆ ಈದ ಕಥೆಯನ್ನು ಮೊದಲಿನಿಂದ ಹೇಳಿದಳು. ಹಿಂದಾದರೆ ನಿಮ್ಮ ಅವ್ವ ನಡುನಡುವೆ ಫೋನು ನೋಡುತ್ತಿದ್ದಳು. ಈಗ ಹಿತ್ತಲಿಗೆ ಹೋಗಿ ಕರುವಿನ ಮೈ ಸವರಿ ಬಂದಳು. ಆ ಕಥೆ ಮುಗಿದ ಮೇಲೆಯೇ ಮುದುಕಿ ಮೆಲ್ಲಗೆ ಕೇಳಿದ್ದು: “ಕಣ್ಣ ನೋಡತೀವಂತ ಹೇಳಿ ಅಲ್ಲೇ ಕೊಯ್ದು ಕಳಸ್ತಾರೇನವಾ?”

ಓಣಿಯಲ್ಲಿ ಈ ಹೆದರಿಕೆ ಎಷ್ಟು ಜನಕ್ಕಿತ್ತೋ. ಹೊಸ್ತಿಲ ಹೊರಗೆ ನಿಂತವರಿಗೆ ಅದನ್ನು ಯಾರು ಹೇಳಿಯಾರು? ನಿಮ್ಮ ಅವ್ವ ಅಲ್ಲಿಂದಲೇ ಡಾಕ್ಟರಿಗೆ ಫೋನು ಹಚ್ಚಿ ಅವರ ಬಾಯಿಂದಲೇ ಹೇಳಿಸಿದಳು, ಆ ದಿನ ಬರೀ ನೋಡುವುದು ಎಂದು. ಉಳಿದ ಮನೆಗಳಲ್ಲಿ ಯಾರೂ ಕೇಳುವ ಮೊದಲೇ ತಾನು ಹೇಳಿದಳು. ಓಣಿ ಮುಗಿಯಲು ಭಾನುವಾರ ಸಂಜೆಯಾಯಿತು. “ಚಾ ಅಂದ್ರ ಹೊಟ್ಟಿ ತೊಳಸತೈತ್ರಿ ಅತ್ತಿ,” ಎಂದು ಕಟ್ಟೆಯ ಮೇಲೆ ಕುಸಿದು ಕೂತಳು.

ಸೋಮವಾರ ನಮ್ಮ ಪಡಸಾಲೆಯಲ್ಲಿ ಕುರ್ಚಿ ಹಾಕಿದ್ದೆವು. ಡಾಕ್ಟರು ಬಂದರು. ಅಕ್ಷರದ ಹಲಗೆ ಗೋಡೆಗೆ ಏರಿತು. ಕುರ್ಚಿಗಳು ಖಾಲಿ. ನಿಮ್ಮ ಅವ್ವ ಬಾಗಿಲಿಗೂ ಒಳಗೂ ಅಡ್ಡಾಡಿದಳು. ಡಾಕ್ಟರು ಗಡಿಯಾರ ನೋಡಿದರು. ನನಗೆ ಅಟ್ಟದ ಮೇಲಿನ ಪುಸ್ತಕದ ಗಂಟೇ ಕಣ್ಣ ಮುಂದೆ ಬರುತ್ತಿತ್ತು.

ಅಷ್ಟರಲ್ಲಿ ಎದುರು ಮನೆಯಾಕೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. “ಏನ್ ಗಡಿಬಿಡಿ ಮಾಡ್ತೀರಿ? ರೊಟ್ಟಿ ಬಡದು ಮುಗಸೂದ ಬ್ಯಾಡೇನ?”

ಅವಳ ಬೆನ್ನಿಗೇ ಇಡೀ ಓಣಿ ಬಂತು. ಎಮ್ಮೆಯ ಮುದುಕಿಯೂ ಬಂದಳು. ಹೊಸ್ತಿಲ ಹೊರಗೆ ಬಿದ್ದ ಚಪ್ಪಲಿಗಳ ರಾಶಿ ನೋಡಿದಾಗಲೇ ನನಗೆ ಉಸಿರು ಬಂದದ್ದು. ನಿಮ್ಮ ಅವ್ವ ಒಬ್ಬೊಬ್ಬರಿಗೂ ಬೆಲ್ಲ, ನೀರು ಕೊಟ್ಟು ಕೂಡಿಸಿದಳು. ಎಲ್ಲರೂ ಹೋದ ಮೇಲೆ ಅಟ್ಟ ಹತ್ತಿ ಗಂಟು ಇಳಿಸಿಕೊಂಡಳು, ಓದೂ ಮುಗಿಸಿದಳು.

ನನಗೂ ಕನ್ನಡಕ ಬಂತು. ಈಗ ಅದನ್ನೇ ಹಾಕಿಕೊಂಡು ಬರೆಯುತ್ತಿದ್ದೇನೆ. ಸಂಜೆ ಕೌದಿ ಹಿಡಿದು ಎದುರು ಮನೆಗೆ ಹೋಗಿ ಕೂಡುತ್ತೇನೆ. ಮೊದಲ ದಿನ ಹಾಗೆ ಹೋದಾಗ ಆಕೆ ಅಂದದ್ದು ಇನ್ನೂ ಕಿವಿಯಲ್ಲಿದೆ: “ಚಲೋ ಆತು ಬಿಡಕ್ಕಾ. ಕನ್ನಡಕ ಬಂದ ಮ್ಯಾಲ ನಮ್ಮ ಮನಿ ಬಾಗಲಾನೂ ನಿನ್ನ ಕಣ್ಣಿಗೆ ಬಿತ್ತು!”