ಜಾಲಿ ಅಂಟಿನ ಪಟ್ಟಿ

ಇದನ್ನು ಬರೆಯಲೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಪ್ರತಿ ಸಲವೂ ಮೊದಲು ಕಣ್ಣಿಗೆ ಬರುವುದು ಒಂದು ಹೆಬ್ಬೆರಳು. ಟಿಂಚರ್ ಅಯೋಡಿನ್ ತಾಗಿ ತಾಗಿ ಹಳೆಯ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದ, ಉಗುರು ಸೀಳಿದ ಬಲಗೈ ಹೆಬ್ಬೆರಳು. ಅದು ಎತ್ತಿನ ಕೆಳತುಟಿಯನ್ನು ಮೆಲ್ಲಗೆ ಜಗ್ಗುತ್ತದೆ. ಹಲ್ಲು ಕಾಣುತ್ತವೆ. ಎತ್ತು ಅಲುಗದೆ ನಿಂತಿರುತ್ತದೆ. ಅಲ್ಲಿಗೆ ನಾನು ಪೆನ್ನು ಮುಚ್ಚಿ ಎದ್ದುಬಿಡುತ್ತಿದ್ದೆ. ಈಗ ಎಂಬತ್ತು ಸಮೀಪಿಸಿದೆ. ಇನ್ನೂ ಮುಂದಕ್ಕೆ ಹಾಕಿದರೆ ಇದು ನನ್ನೊಂದಿಗೇ ಹೋಗುತ್ತದೆ.

ಆ ಹೆಬ್ಬೆರಳಿನವರು ದೇವದುರ್ಗದ ದನದ ಡಾಕ್ಟರು. ನಿಜಾಮ ಸರ್ಕಾರದ ನೌಕರಿ. ಊರಿಗೆಲ್ಲ ‘ಡಾಕ್ಟರ್ ಸಾಹೇಬರು’. ಹಳ್ಳಿಗಳಿಗೆ ಹಳೆಯ ಮೋಟಾರ್‌ಸೈಕಲ್ಲಿನ ಮೇಲೆ ಹೋಗುತ್ತಿದ್ದರು. ಜೋಳದ ಹೊಲಗಳ ಆಚೆಯಿಂದ ಅದರ ಸದ್ದು ಮೊದಲು ಜೇನುಹುಳದ ಹಾಗೆ ಕೇಳಿಸುತ್ತಿತ್ತು. ಬೇಸಿಗೆಯ ಮಧ್ಯಾಹ್ನ ದೂರದ ಕಲ್ಲುಗುಡ್ಡಗಳು ನೀರಿನಲ್ಲಿ ನಿಂತಂತೆ ನಡುಗುತ್ತಿರುವಾಗ, ಆ ನೀರಿನೊಳಗಿಂದಲೇ ಎನ್ನುವಂತೆ ಅವರು ಎದ್ದು ಬರುತ್ತಿದ್ದರು. ಹಿಂದಿನ ಸೀಟಿನ ಬುಟ್ಟಿಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಕುರಿಮರಿಯೊಂದು ಲೋಕ ನೋಡುತ್ತಾ ಕೂತಿರುತ್ತಿತ್ತು.

ನೌಕರಿ ಮುಗಿದ ಮೇಲೂ ಅವರು ದನದ ಸಂತೆ ತಪ್ಪಿಸಲಿಲ್ಲ. ಬೇವಿನ ಮರದ ಕೆಳಗೆ ಕೂರುವರು. ಕೊಳ್ಳುವವರು ಎತ್ತು ಹಿಡಿದುಕೊಂಡು ಅವರ ಮುಂದೆ ನಿಲ್ಲಿಸಿ, “ಐಬು ಏನಾರ ಅದ ಏನ್ರಿ?” ಎಂದು ಕೇಳುವರು. ಐಬು ಎಂದರೆ ದೋಷ. ಇದ್ದದ್ದನ್ನು ಮಾರುವವನ ಎದುರಿಗೇ ಹೇಳಿಬಿಡುವರು.

“ಸಾಹೇಬ್ರ, ನನ್ನ ಎತ್ತಿನ ಮ್ಯಾಲ ನಿಮಗ್ಯಾಕಿಷ್ಟ ಸಿಟ್ಟು?” ಎಂದು ಒಬ್ಬ ರೈತ ಒಮ್ಮೆ ಜಗಳಕ್ಕೇ ನಿಂತ.

“ಸಿಟ್ಟಲ್ಲೋ ಮಾರಾಯ. ಎಡಗಣ್ಣಾಗ ಹೂ ಬಿದ್ದದ. ತಗೊಳ್ಳಾಂವ ಬಲಕ್ಕ ಹೂಡ್ಲಿ, ಅಷ್ಟ. ಹೇಳಿಬಿಟ್ರ ಅವ ಅದರ ಕೂಡ ಬಾಳೇ ಮಾಡತಾನ.”

ಎತ್ತು ಆ ದಿನವೇ ಮಾರಾಟವಾಯಿತು. ಅವರು ನೋಡಿ ಹೇಳಿದ್ದಾರೆಂದರೆ ಆಮೇಲೆ ಯಾರೂ ತಕರಾರು ಎತ್ತುತ್ತಿರಲಿಲ್ಲ. ಆ ನಂಬಿಕೆ ಬಿಟ್ಟರೆ ಅವರಿಗೆ ಬೇರೆ ಆಸ್ತಿಯೂ ಇರಲಿಲ್ಲ, ಬೇರೆ ಕೆಲಸವೂ ಇರಲಿಲ್ಲ.

ನಾನು ಮಾನ್ವಿಯವನು. ರಾಯಚೂರಿನಲ್ಲಿ ಮೆಟ್ರಿಕ್ ಮುಗಿಸಿ, ಅಲ್ಲಿಯ ಒಂದು ಜಿನ್ನಿಂಗ್ ಮಿಲ್ಲಿಗೆ ಹಳ್ಳಿ ಹಳ್ಳಿ ತಿರುಗಿ ಹತ್ತಿ ನೋಡುವ ಕೆಲಸ ಹಿಡಿದಿದ್ದೆ. ಹರೆಯ, ಕ್ರಾಪು, ಬಿಳಿ ಅಂಗಿ. ಡಾಕ್ಟರ್ ಸಾಹೇಬರು ಗಾಡಿ ಮಾರುತ್ತಾರೆಂದು ಕೇಳಿದ ದಿನವೇ ದೇವದುರ್ಗಕ್ಕೆ ಓಡಿದೆ.

ಅಂಗಳದಲ್ಲಿ ಅವರು ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನನ್ನನ್ನೂ ಕೂರಿಸಿಕೊಂಡರು. ಇಂಜಿನ್ನಿನ ಹೊಟ್ಟೆಯ ಕೆಳಗೆ ಕಂದು ಬಣ್ಣದ, ಗಾಜಿನಂತೆ ಮಿರುಗುವ ಒಂದು ಪಟ್ಟಿ ಇತ್ತು. ಕಲ್ಲು ಬಡಿದು ಅಲ್ಲಿ ಸೀಳಿತ್ತಂತೆ. ಯುದ್ಧದ ಕಾಲ, ಸಾಮಾನು ಸಿಗುತ್ತಿರಲಿಲ್ಲ. ಹತ್ತಿ ಬಟ್ಟೆಯ ಪದರಗಳಿಗೆ ಜಾಲಿಮರದ ಅಂಟು, ಇಟ್ಟಂಗಿ ಪುಡಿ ಮೆತ್ತಿ, ಕುರಿಯ ಮುರಿದ ಕಾಲಿಗೆ ಕಟ್ಟುವ ಹಾಗೆ ತಾವೇ ಕಟ್ಟಿದ್ದರು.

“ಇದು ಇದರ ಐಬು, ಬೇಟಾ. ಎಣ್ಣಿಗೆ ಈ ಅಂಟು ಜಗ್ಗಂಗಿಲ್ಲ. ಕಾದಷ್ಟೂ ಗಟ್ಟಿ ಆಗತದ. ನೀರಿಗೆ ಮಾತ್ರ ಕರಗತದ. ಮಳಿಗಾಲದಾಗ ಹೊರಗ ತೆಗೀಬ್ಯಾಡ. ನಿಮ್ಮ ಹಬ್ಬಕ್ಕೂ ತೊಳೀಬ್ಯಾಡ, ಒಣ ಅರಿವೀಲೆ ಒರಸು. ತಿಳೀತು?”

“ತಿಳೀತ್ರಿ.”

ಸುತ್ತ ನೋಡಿ ನಕ್ಕರು. “ಐಬು ಹೇಳುವಾಗ ಸಾಕ್ಷಿ ಬೇಕು. ಇಲ್ಲಿ ಯಾರೂ ಇಲ್ಲ. ಇರಲಿ, ನೀ ಓದಿದ ಹುಡುಗ.”

ಮಹಾನವಮಿ ಬಂತು. ಮಾನ್ವಿಯ ನಮ್ಮ ಓಣಿಯಲ್ಲಿ ಮೋಟಾರ್‌ಸೈಕಲ್ ಇದ್ದದ್ದು ನನ್ನದೊಂದೇ. ಬಂಡಿ, ನೇಗಿಲು, ಕುಡುಗೋಲು ಎಲ್ಲ ತೊಳೆದು ವಿಭೂತಿ ಹಚ್ಚಿಸಿಕೊಂಡು ಸಾಲಾಗಿ ನಿಂತಿರುವಾಗ ನನ್ನ ಗಾಡಿ ಧೂಳು ಮೆತ್ತಿಕೊಂಡು ನಿಲ್ಲುವುದೆಂದರೇನು? ಬಾವಿಯಿಂದ ನೀರು ಸೇದಿ ಕೊಡಗಟ್ಟಲೆ ಸುರಿದೆ. ತೆಂಗಿನ ನಾರಿನಿಂದ ಇಂಜಿನ್ನಿನ ಅಡಿಯನ್ನೂ ಬಿಡದೆ ತಿಕ್ಕಿದೆ. ಅವರ ಮಾತು ನೆನಪಾಗಲಿಲ್ಲವೆ? ಆಯಿತು. ಒಂದು ದಿನದ ನೀರು ಏನು ಮಾಡೀತು ಎಂದುಕೊಂಡೆ. ಚೆಂಡುಹೂವಿನ ಮಾಲೆ ಹಾಕಿ ಕಾಯಿ ಒಡೆದೆ.

ಹಬ್ಬ ಮುಗಿಸಿ ರಾಯಚೂರಿಗೆ ಹೊರಟೆ. ದಾರಿಯ ಕುರ್ಡಿ ಹಳ್ಳಿ ದಾಟುವಷ್ಟರಲ್ಲಿ ಇಂಜಿನ್ ಒಮ್ಮೆ ಚೀರಿ, ಜಾಮ್ ಆಗಿ ನಿಂತುಬಿಟ್ಟಿತು. ಹಿಂದೆ ತಿರುಗಿ ನೋಡಿದರೆ ದಾರಿಯುದ್ದಕ್ಕೂ ಎಣ್ಣೆಯ ಗೆರೆ. ಎರಡೂ ಕಡೆ ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗೆ. ಗಾಳಿಯೂ ಇರಲಿಲ್ಲ. ಅಷ್ಟು ನಿಶ್ಶಬ್ದವನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ. ಕಡೆಗೆ ಒಂದು ಎತ್ತಿನ ಬಂಡಿ ಬಂತು. “ಹೊಟ್ಟು ಮೇವು ಹಾಕಿಲ್ಲೇನ್ರಿ ಇದಕ್ಕ?” ಎಂದು ಬಂಡಿಯವನು ನಗುತ್ತಲೇ ಗಾಡಿ ಹೇರಿಕೊಂಡ.

ರಾಯಚೂರಿನ ಮಿಸ್ತ್ರಿ ಅಡಿಗೆ ಕೈ ಹಾಕಿ, ಮೆತ್ತಗಾದ ಬಟ್ಟೆಯನ್ನು ಎರಡು ಬೆರಳಲ್ಲಿ ಎಳೆದು ತೋರಿಸಿದ. “ಇದನ್ನ ಯಾರ್ ತೊಳದಾರ್ರಿ? ಕಟ್ಟಿದಾಂವ ಭಾಳ ಛಲೋ ಕಟ್ಟಿದ್ದನಲ್ರಿ!” ನಾನು ರಿಪೇರಿಗೆ ಎಷ್ಟಾಗುತ್ತದೆಂದು ಕೇಳಿದೆ.

ಮುಂದಿನ ಸಂತೆಗೆ ದೇವದುರ್ಗಕ್ಕೆ ಹೋದಾಗ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಚಹಾದ ಅಂಗಡಿಯಲ್ಲಿ ಹತ್ತಿ ದಲಾಲರು ಸುತ್ತಿಕೊಂಡರು.

“ಏನಪಾ, ಗಾಡಿ ಬಂಡಿ ಹತ್ತೀತಂತ?”

“ಐಬು ಹೇಳೋ ಡಾಕ್ಟರ್ ಕಡೆ ತಗೊಂಡೂ ಹಿಂಗಾತ? ನೀನ ಏನಾರ ಕೆಡಿಸಿರಬೇಕು ಬಿಡ್ಲೇ.”

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾದವು. “ಇಂಜಿನ್ ಒಡದದ ಅಂತ ಅವರು ನನಗ ಹೇಳೇ ಇಲ್ಲ” ಎಂದುಬಿಟ್ಟೆ.

ನಗು ನಿಂತಿತು. ಎಲ್ಲರೂ ನನ್ನ ಹಿಂದೆ ನೋಡುತ್ತಿದ್ದರು. ಡಾಕ್ಟರ್ ಸಾಹೇಬರು ಅಲ್ಲೇ ನಿಂತಿದ್ದರು. ನಾನು ಬೈಗುಳಕ್ಕೆ ಕಾದೆ. ಅವರು ಹಣೆ ತಿಕ್ಕಿಕೊಂಡು ಮೆಲ್ಲಗೆ, “ಇರಬಹುದು. ವಯಸ್ಸಾತು. ಮರತಿರಬೇಕು” ಎಂದರು.

ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಬೇವಿನ ಮರದ ಹಿಂದಕ್ಕೆ ಕರೆದುಕೊಂಡು ಹೋದರು.

“ಬೇಟಾ, ನನಗ ಸಿಟ್ಟಿಲ್ಲ. ಗಾಡಿ ರಿಪೇರಿನೂ ನಾನ ಮಾಡಸ್ತೀನಿ. ಒಂದ ಮಾತು ತಿಳೀಬೇಕಾಗ್ಯದ. ಅವತ್ತ ಅಂಗಳದಾಗ ನೀರಿನ ಮಾತು ಹೇಳಿದಂಗ ನನಗ ನೆನಪದ. ನನ್ನ ಕಣ್ಣಿಗೆ ಕಟ್ಟಿದಂಗದ. ನೀ ಇಲ್ಲಂತೀದಿ. ಹಂಗಾರ ಆಗಲಾರದ್ದೂ ನನಗ ಆದಂಗ ಕಾಣಾಕತ್ತದ ಏನು? ಖರೇ ಹೇಳು.”

ಅಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಬಹುದಾಗಿತ್ತು. ನಾನು ಹೇಳಿದ್ದು, “ಇಲ್ರಿ ಸಾಹೇಬ್ರ, ನೀವು ಹೇಳಿಲ್ಲ.”

ದನದ ಕಣ್ಣು ನೋಡುವ ಹಾಗೆ ನನ್ನ ಕಣ್ಣನ್ನು ನೋಡಿದರು. ಆಮೇಲೆ ತಲೆಯಾಡಿಸಿದರು. “ತಿಳೀತು. ಇನ್ನ ನಾ ಮಂದಿಗೆ ಎತ್ತು ನೋಡಿ ಹೇಳಬಾರದು. ಒಂದ ಐಬು ಮರತ್ರ ಒಬ್ಬನ ಒಕ್ಕಲುತನ ಹೋಗತದ.”

ಅದೇ ಕೊನೆ. ಬೇವಿನ ಮರದ ಕೆಳಗೆ ಮೇವು ಮಾರುವವನೊಬ್ಬ ಬಂದು ಕೂತ. ಕರೆಯಲು ಹೋದವರಿಗೆ ಅವರು, “ನನ್ನ ತಲಿ ಮ್ಯಾಲ ನನಗ ಭರವಸಿಲ್ಲ” ಎನ್ನುತ್ತಿದ್ದರಂತೆ. ಗಾಡಿಯ ರಿಪೇರಿ ನಾನೇ ಮಾಡಿಸಿದೆ. ಅಷ್ಟನ್ನು ದೊಡ್ಡ ಉಪಕಾರವೆಂದುಕೊಂಡು ನಿದ್ದೆಯನ್ನೂ ಮಾಡಿದೆ.

ಆ ನಿದ್ದೆಯಲ್ಲಿ ಅವರು ಈಗಲೂ ಬರುತ್ತಾರೆ. ಗಾಡಿಗೆ ಸದ್ದಿರುವುದಿಲ್ಲ. ಹತ್ತಿಯ ಹೊಲ ಮುಗಿಯುವುದಿಲ್ಲ. ಬುಟ್ಟಿಯ ಕುರಿಮರಿ ನನ್ನನ್ನು ಗುರುತು ಹಿಡಿಯುತ್ತದೆ, ಅವರು ಹಿಡಿಯುವುದಿಲ್ಲ. ನಾನು ಕೈಯೆತ್ತಿ ಕೂಗುವಷ್ಟರಲ್ಲಿ ಬಿಸಿಲಿನ ನೀರಿನೊಳಗೆ ಇಳಿದುಹೋಗುತ್ತಾರೆ.

ಕೆಲವು ವರ್ಷಗಳಲ್ಲಿ ಅವರು ತೀರಿಕೊಂಡರು. ಸುದ್ದಿ ತಡವಾಗಿ ಮುಟ್ಟಿ, ಅವರ ಮನೆಗೆ ಹೋದೆ. ಬಾಗಿಲ ಪರದೆಯ ಆಚೆ ಅವರ ಹೆಂಡತಿ ಕೂತಿದ್ದರು. ನಾನು ಯಾರೆಂದು ಹೇಳಿದೆ. ಗಾಡಿ ಕೊಂಡ ಹುಡುಗನೆಂದು ಗುರುತು ಹಿಡಿದು ಚಹಾ ಕಳಿಸಿದರು.

“ಕೊನೀಕೊನೀಗೆ ಒಂದೊಂದು ಮಾತು ಎರಡೆರಡು ಸಲ ಹೇಳತಿದ್ರು, ಬೇಟಾ. ಹಾಲಿನವ ಬಂದ್ರ, ಮೆಟ್ಟಲ ಸಡಲ್ಯಾದ, ನೋಡಿ ಇಳಿ ಅಂತ ಹೇಳೋರು. ಅವ ಹೋದ ಮ್ಯಾಲ ನನ್ನ ಕೇಳೋರು, ಹೇಳಿದ್ನೇನು ಅಂತ. ಹೇಳೀರಿ ಅಂದ್ರೂ ನಂಬತಿರಲಿಲ್ಲ. ಬಾಗಿಲಿಗೆ ಹೋಗಿ ಕೂಗಿ ಮತ್ತ ಹೇಳೋರು. ಹಾದ್ಯಾಗ ಹುಡುಗರು ನಗತಿದ್ರು. ಹಿಂಗ್ಯಾಕ ಆದ್ರೋ, ನನಗಂತೂ ತಿಳೀಲಿಲ್ಲ.”

ಯಾಕೆಂದು ನನಗೆ ತಿಳಿದಿತ್ತು. ಬಟ್ಟಲು ಖಾಲಿಯಾಗುವ ತನಕ ಸುಮ್ಮನೆ ಕುಡಿದೆ. “ಬರ್ತೀನ್ರಿ” ಎಂದು ಎದ್ದು ಬಂದೆ.

ಅಲ್ಲಿಂದ ಖಬರಸ್ತಾನಕ್ಕೆ ಹೋಗಿ, ಹೊಸ ಮಣ್ಣಿನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. “ನೀವು ಹೇಳಿದ್ದಿರಿ, ಸಾಹೇಬ್ರ” ಎಂದು ಗಟ್ಟಿಯಾಗಿಯೇ ಹೇಳಿದೆ. ಮಣ್ಣಿಗೆ ಹೇಳುವುದು ಸುಲಭ. ಹಾಗೆ ಅವರಲ್ಲಿ ತಪ್ಪಾಯಿತೆಂದು ಕೇಳಿಕೊಂಡೆನೆಂದೇ ಇಷ್ಟು ದಿನ ಲೆಕ್ಕ ಹಿಡಿದಿದ್ದೇನೆ. ಆದರೆ ತನ್ನ ಗಂಡನ ತಲೆ ಕೆಟ್ಟಿರಲಿಲ್ಲ ಎಂಬ ಮಾತನ್ನು ಕೇಳಬೇಕಾಗಿದ್ದ ಜೀವ ಪರದೆಯ ಆಚೆ, ನನ್ನ ಕೈಗೆ ನಿಲುಕುವಷ್ಟು ಹತ್ತಿರ, ಉಸಿರಾಡುತ್ತಾ ಕೂತಿತ್ತು. ನಾನು ಕ್ಷಮೆ ಕೇಳದೆ ಉಳಿದದ್ದು ಆಕೆಯಲ್ಲಿ, ಡಾಕ್ಟರ್ ಸಾಹೇಬರ ಹೆಂಡತಿಯಲ್ಲಿ.