ನೂಕಿಸಿಕೊಳ್ಳದ ದೊಡ್ಡಮ್ಮ

ನಮ್ಮ ಸಿದ್ದಮ್ಮ ದೊಡ್ಡಮ್ಮ ಗಾಡಿ ಹತ್ತಬೇಕಾದರೆ ಮೊದಲು ಒಂದು ಕಲ್ಲು ಹತ್ತುತ್ತಿದ್ದರು. ಗಾಡಿಯೆಂದರೆ ಸ್ಕೂಟರಲ್ಲ, ಮೊಪೆಡ್ಡೂ ಅಲ್ಲ. ಹಳ್ಳ ಕೊರಕಲು ನೋಡದೆ ನುಗ್ಗುವ ಡರ್ಟ್ ಬೈಕು; ಅದರ ಸೀಟು ಅವರ ಸೊಂಟಕ್ಕಿಂತ ಎತ್ತರ. ದೊಡ್ಡಪ್ಪನ ಹಳೆಯ ಪ್ಯಾಂಟು ತೊಟ್ಟು, ಅದರ ಮೇಲೆ ಸೀರೆಯನ್ನು ಮಂಡಿಗೆತ್ತಿ ಕಟ್ಟಿ, ಕಳೆ ತೆಗೆಯುವಾಗ ಹಾಕುವ ತುಂಬುತೋಳಿನ ಅಂಗಿಯಲ್ಲಿ ಕಲ್ಲಿನ ಮೇಲೆ ನಿಂತು, ಎಮ್ಮೆಯ ಬೆನ್ನು ಸವರುವಂತೆ ಸೀಟನ್ನೊಮ್ಮೆ ಸವರುವರು. ಊರೆಲ್ಲ ಎಡಗಡೆಯಿಂದ ಗಾಡಿ ಹತ್ತಿದರೆ ಇವರು ಬಲಗಡೆಯಿಂದ. ಅವರ ಬಲಗಾಲು ಮಡಚುತ್ತಿರಲಿಲ್ಲ. ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದ ಮೇಲೆ ಆ ಮಂಡಿ ಕೊರಡಾಗಿತ್ತು. ಮುಂಗಾಲಿನಿಂದ ಬ್ರೇಕು ಒತ್ತುತ್ತಿದ್ದರು, ಕಿಕ್ ಮಾತ್ರ ಹೊಡೆಯಲಾಗುತ್ತಿರಲಿಲ್ಲ. "ದೇವ್ರು ಮಂಡಿ ಕಿತ್ಕೊಂಡು ಬಟನ್ ಕೊಟ್ಟವ್ನೆ ನಾಯ್ನಾ," ಎಂದು ಸೆಲ್ಫ್ ಬಟನ್ ತೋರಿಸಿ ನಗುತ್ತಿದ್ದರು. ಪಾವಗಡದ ಕಡೆಯವರ ಬಾಯಲ್ಲಿ ಪ್ರೀತಿ ಬಂದಾಗ ತೆಲುಗಿನ ನಾಯ್ನಾ, ಸಿಟ್ಟು ಬಂದಾಗ ಕನ್ನಡದ ಲೇ.

ಅವರು ನನ್ನ ತಾಯಿಯ ಅಕ್ಕ. ನಾವು ಮಧುಗಿರಿಯಲ್ಲಿ, ಅವರು ಕ್ಯಾತಗಾನಚೆರ್ಲಿನಲ್ಲಿ. ಅಲ್ಲಿ ಸುತ್ತಮುತ್ತಲ ಹೊಲಗಳೆಲ್ಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದವು. ದೊಡ್ಡಪ್ಪನೂ ಊರ ಹತ್ತಿರದ ಹೊಲ ಕೊಟ್ಟರು. ಗುಡ್ಡದ ಬುಡದ ಹೊಲ ಮಾತ್ರ ದೊಡ್ಡಮ್ಮನ ತವರಿನ ಕಡೆಯಿಂದ ಬಂದದ್ದು. ಅದನ್ನು ಕೊಡಲು ಅವರು ಒಪ್ಪಲಿಲ್ಲ. ಗುತ್ತಿಗೆಯ ಕಾಗದ ಹಿಡಿದು ಬಂದ ಮಗನಿಗೆ, ಎಂದರೆ ನನ್ನ ತಮ್ಮನಿಗೆ, ಮಜ್ಜಿಗೆ ಕೊಟ್ಟು ಕೂರಿಸಿ ಹೇಳಿದರಂತೆ: "ಅದನ್ನೂ ಕೊಟ್ಬುಟ್ರೆ ಬೆಳಿಗ್ಗೆ ಎದ್ದು ನಾನೆಲ್ಲಿಗೆ ಹೋಗ್ಲಿ?"

ಆದರೆ ಬೇಲಿಗಳು ಬಂದ ಮೇಲೆ ಆ ಹೊಲಕ್ಕೆ ಹಾದಿ ಸುತ್ತುಬಳಸಾಯಿತು. ಹಳ್ಳ ಇಳಿದು, ಮರಳು ದಾಟಿ, ಕಲ್ಲು ಹಾಸಿನ ಮೇಲೆ ಏರಬೇಕು. ಕುಂಟುಗಾಲಿಗೆ ಅದು ಆಗದ ಮಾತು. ಆಗಲೇ ನಮ್ಮ ನೆಂಟರ ಹುಡುಗನೊಬ್ಬ ಶೋಕಿಗೆಂದು ಕೊಂಡಿದ್ದ ಈ ಬೈಕನ್ನು, ಹೆಂಡತಿ ಹಿಂದೆ ಕೂರಲಾರೆ ಎಂದಳೆಂದು, ಮಾರಲು ನಿಲ್ಲಿಸಿದ್ದ. ದೊಡ್ಡಮ್ಮ ಅದನ್ನು ಕೊಂಡು, ತಿಂಗಳೊಪ್ಪತ್ತು ಕೆರೆಯಂಗಳದಲ್ಲಿ ಬಿದ್ದು ಎದ್ದು ಕಲಿತರು. ಊರವರು ನಕ್ಕರು. ಆಮೇಲೆ ನಗುವುದಕ್ಕೂ ಬೇಜಾರಾಗಿ ಸುಮ್ಮನಾದರು.

ಎರಡು ವರ್ಷ ಹೀಗೆ ನಡೆಯಿತು. ಮೂರನೆಯ ಮುಂಗಾರಿನ ಹೊತ್ತಿಗೆ ಬ್ಯಾಟರಿ ಸೋತಿತು. ಒಂದು ಸಂಜೆ ಹೊಲದಲ್ಲಿ ಬಟನ್ ಒತ್ತಿದರೆ ಕಟಕಟ ಎಂದು ಸುಮ್ಮನಾಯಿತು. ಬೇಲಿಯಾಚೆಯ ಕಾವಲುಗಾರ ಬಂದು ಕಿಕ್ ಹೊಡೆದು ಕೊಟ್ಟ. ಮಾರನೆಯ ದಿನವೂ ಅವನೇ. "ಅಮ್ಮಾ, ದಿನಾ ನಾನೇ ಬತ್ತೀನಿ ಬುಡಿ," ಎಂದನಂತೆ ಪಾಪ, ಒಳ್ಳೆಯ ಮಾತಿಗೇ. ದೊಡ್ಡಮ್ಮನಿಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟಿತು. ಮನೆಯಲ್ಲಿ ದೊಡ್ಡಪ್ಪ, ತಮ್ಮ ಇಬ್ಬರೂ ಒಂದೇ ರಾಗ ಹಿಡಿದರು: ಗಾಡಿ ಮಾರು, ಹೊಲ ಕೊಡು. ನಾನು ಹೋದದ್ದು ಆ ದಿನವೇ. ದೊಡ್ಡಮ್ಮ ಮುದ್ದೆ ತಿರುವುವುದನ್ನು ನಿಲ್ಲಿಸಿ, ಕೋಲು ಹಿಡಿದೇ ಹೇಳಿದರು: "ಹೊಸ ಬ್ಯಾಟ್ರಿ ಹಾಕಿಸ್ತೀನಿ. ಅದಾದ್ಮೇಲೂ ಒಂದೇ ಒಂದ್ಸಲ ಒಬ್ಬರ ಕೈಲಿ ಕಿಕ್ ಹೊಡೆಸ್ಕೊಂಡ್ರೆ, ನೂಕಿಸ್ಕೊಂಡ್ರೆ, ನಾನೇ ಕಾಗ್ದಕ್ಕೆ ಸೈನ್ ಹಾಕ್ತೀನಿ. ಆಯ್ತಾ?"

ದೊಡ್ಡಪ್ಪ ಆಯಿತು ಎಂದುಬಿಟ್ಟರು.

ಆ ಗಾಡಿಗೆ ಹೊಂದುವ ಬ್ಯಾಟರಿ ಶಿರಾದಲ್ಲಿ ಸಿಗುತ್ತದೆಂದು ತಿಳಿದು ನಾನೂ ದೊಡ್ಡಮ್ಮನೂ ಬಸ್ಸು ಹತ್ತಿದೆವು. ಅಂಗಡಿಯ ರಹಮತ್ ಭಾಯಿ ಹಳೆಯ ಬ್ಯಾಟರಿ ಎಲ್ಲಿ ಎಂದು ಕೇಳಿದರು. ದೊಡ್ಡಮ್ಮ ಗೇಣು ಚಾಚಿ, ಅದರ ಪಕ್ಕ ಬೆರಳು ಜೋಡಿಸಿ, ಅಳತೆ ಕೈಯಲ್ಲೇ ಇದೆ ಎಂದರು. ಭಾಯಿ ಒಲ್ಲದ ಮನಸ್ಸಿನಿಂದಲೇ ಮೂರು ಬಗೆ ತಂದಿಟ್ಟರು. ದೊಡ್ಡಮ್ಮ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸತೊಡಗಿದರು.

ಕಡಲೆಕಾಯಿ ಬೆಳೆಯುವವರಿಗೆ ಇದು ರಕ್ತದಲ್ಲೇ ಬಂದದ್ದು. ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ. ಗಿಲಿಗಿಲಿ ಎಂದರೆ ಬೀಜ ಸೊರಗಿದೆ. ಅಂಗೈಯಲ್ಲಿ ತೂಗುತ್ತಾರೆ, ಹಗುರವಾದರೆ ಜೊಳ್ಳು. ಭಾಯಿಯ ಮುಖ ನೋಡುವಂತಿತ್ತು.

"ಅಮ್ಮಾ, ಕಡ್ಲೆಕಾಯಿ ಅಲ್ಲ ಇದು. ಕಿವಿಗಿಟ್ಕೊಂಡ್ರೆ ಏನೂ ಹೇಳಲ್ಲ."

"ಹೇಳೋಂಗಿದ್ರೆ ನಿನ್ನ ಯಾಕೆ ಕೇಳ್ತಿದ್ದೆ ಭಾಯಿ."

ಮೂರರಲ್ಲಿ ಒಂದು ಲಿಥಿಯಂ, ಹೂವಿನಷ್ಟು ಹಗುರ. ಅದರ ಶಕ್ತಿ ಏನೂ ಕಡಿಮೆಯಲ್ಲ ಎಂದು ಭಾಯಿ ವಿವರಿಸುತ್ತಿರುವಾಗಲೇ ದೊಡ್ಡಮ್ಮ ಜೊಳ್ಳು ಎಂದು ಪಕ್ಕಕ್ಕಿಟ್ಟರು. ಎಲ್ಲಕ್ಕಿಂತ ಭಾರವಾದದ್ದನ್ನು ಆರಿಸಿ ಚೀಲಕ್ಕೆ ಹಾಕಿಸಿಕೊಂಡರು.

ಮನೆಗೆ ಬಂದು ನೋಡಿದರೆ, ಅದು ಗೂಡಿನೊಳಗೆ ಅಚ್ಚುಕಟ್ಟಾಗಿ ಕುಳಿತಿತು. ಬೆರಳಿನ ಅಳತೆ ಸುಳ್ಳಾಗಿರಲಿಲ್ಲ. ಆದರೆ ಹಳೆಯದರಲ್ಲಿ ಪ್ಲಸ್ಸು ಇದ್ದ ಕಡೆ ಇದರಲ್ಲಿ ಮೈನಸ್ಸು. ತಿರುಗಿಸಿಟ್ಟರೆ ವೈರು ಮುಟ್ಟದು. ತಮ್ಮ, ಒಂದು ತುಂಡು ವೈರು ಸೇರಿಸಿದರಾಯಿತು ಎಂದ. ದೊಡ್ಡಮ್ಮ ಅವನನ್ನೇ ದಿಟ್ಟಿಸಿದರು. "ಹಳ್ಳದಾಗೆ ಕುಣಿಯೋ ಗಾಡಿಗೆ ಗಂಟು ಹಾಕಿದ್ ವೈರಾ? ನಿನ್ ಕಾಗ್ದಕ್ಕೆ ದಾರಿ ಮಾಡ್ಕೊಂತಿದ್ದೀಯೇನ್ಲಾ?" ದೊಡ್ಡಪ್ಪ ಕನ್ನಡಕ ಒರೆಸಿಕೊಂಡರು. ಬಿತ್ತನೆಯ ಹದ ಕಳೆಯುತ್ತಿತ್ತು.

ಮರುದಿನ ಮತ್ತೆ ಶಿರಾ ಬಸ್ಸು. ಈ ಸಲ ಹಳೆಯ ಬ್ಯಾಟರಿ ಟವೆಲ್ಲಿನಲ್ಲಿ ಸುತ್ತಿ ಅವರ ತೊಡೆಯ ಮೇಲಿತ್ತು. ಎದುರಿನ ಸೀಟಿನ ಹೆಂಗಸು ಮಗು ಮಲಗಿದೆಯೆಂದು ದನಿ ತಗ್ಗಿಸಿ ಮಾತಾಡಿದಳು. ಅಂಗಡಿಯಲ್ಲಿ ದೊಡ್ಡಮ್ಮ ಹಳೆಯದನ್ನು ಮೇಜಿನ ಮೇಲಿಟ್ಟು, "ತೂಕ ನೋಡಿ ಕೆಟ್ಟೆ ಭಾಯಿ," ಎಂದರು. ಭಾಯಿ ಗೊಣಗುತ್ತಲೇ ಭಾರದ್ದನ್ನು ವಾಪಸು ತೆಗೆದುಕೊಂಡರು. ಅಂದು ದೊಡ್ಡಮ್ಮ ಬ್ಯಾಟರಿ ಅಲ್ಲಾಡಿಸಲಿಲ್ಲ, ಪ್ರಶ್ನೆ ಕೇಳಿದರು. ಪ್ಲಸ್ಸು ಯಾವ ಕಡೆ? ಬಟನ್ ಒತ್ತಿದ ಗಳಿಗೆಯಲ್ಲಿ ಯಾವುದು ಹೆಚ್ಚು ಒದೆಯುತ್ತದೆ? ಕಲ್ಲಿನ ಮೇಲೆ ಎತ್ತಿ ಹಾಕಿದರೆ ನೀರು ಚೆಲ್ಲುತ್ತದೆಯೇ? ಹೊಲದ ಬಂಡೆಯ ಮೇಲೆ ಸಂಜೆಯವರೆಗೆ ಬಿಸಿಲಲ್ಲಿ ನಿಂತರೆ ಯಾವುದು ತಡೆಯುತ್ತದೆ? ಜೊಳ್ಳೆಂದು ಪಕ್ಕಕ್ಕಿಟ್ಟಿದ್ದ ಲಿಥಿಯಮ್ಮಿನ ಬಗೆಗೂ ಮನಸ್ಸಿಟ್ಟು ಕೇಳಿದರು. ಅದು ಒದೆಯುವುದು ಜೋರೇ, ಆದರೆ ಬಿಸಿಲ ಕಾವು ಅದಕ್ಕೆ ಆಗದು, ಈ ಹಳೆಯ ಗಾಡಿಯ ಚಾರ್ಜಿಂಗೂ ಹೊಂದುವುದು ಅನುಮಾನ ಎಂದರು ಭಾಯಿ. ಕೊನೆಗೆ ಉಳಿದದ್ದು ನೀರು ಹಾಕುವ ಗೋಜಿಲ್ಲದ ಸೀಲ್ಡ್ ಬ್ಯಾಟರಿ. ಹಳೆಯದರ ಅಳತೆಯದೇ, ಪ್ಲಸ್ಸು ಅದೇ ಕಡೆ, ತೂಕ ನಡುವಣದು.

"ಕಾಯಿ ಅಲ್ಲಾಡ್ಸಿದ್ರೆ ಸಾಲ್ದು, ಒಡ್ದೂ ನೋಡ್ಬೇಕು," ಎಂದು, ಅದನ್ನು ಪೂರ್ತಿ ಚಾರ್ಜಿಗೆ ಹಾಕಿಸಿ, ಮಧ್ಯಾಹ್ನದವರೆಗೆ ಅಂಗಡಿಯ ಸ್ಟೂಲು ಬಿಟ್ಟೇಳಲಿಲ್ಲ. ಭಾಯಿ ಮೀಟರು ಹಚ್ಚಿ ಮುಳ್ಳು ಏರಿದ್ದನ್ನು ತೋರಿಸಿದ ಮೇಲೆಯೇ ಎದ್ದರು.

ಮರುದಿನ ಬೆಳಿಗ್ಗೆ ಮನೆಯ ಮುಂದೆ ಬಟನ್ ಒತ್ತಿದೊಡನೆ ಗಾಡಿ ಸ್ಟಾರ್ಟ್ ಆಯಿತು. ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ. ನಿಜವಾದ ಪರೀಕ್ಷೆ ಹೊಲದಲ್ಲಿ, ದಿನವಿಡೀ ಬಿಸಿಲು ಕುಡಿದ ಮೇಲೆ. ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕರೆದು, ಸಂಜೆ ಜೊತೆಗಿರು, ನಿಂತುಹೋದರೆ ಸದ್ದಿಲ್ಲದೆ ನೂಕಿಬಿಡು ಎಂದರು. ಅವರು ಯಾರ ಪರವೆಂದು ನನಗೆ ಗೊತ್ತಾದದ್ದು ಆಗ.

ಬಿತ್ತನೆ ಮುಗಿದು ಆಳುಗಳು ಹೊರಟರು. ನಾನು ಬೇಕೆಂದೇ ಗಾಡಿಯ ಹಿಂದೆ ಸುಳಿದಾಡುತ್ತಿದ್ದೆ. ದೊಡ್ಡಮ್ಮ ಸೀಟಿನ ಮೇಲೆ ಕುಳಿತು ಕತ್ತು ಹೊರಳಿಸಿದರು.

"ನೀನು ಮುಂದೆ ನಡಿ ನಾಯ್ನಾ."

"ಇರ್ಲಿ ಬುಡು ದೊಡ್ಡಮ್ಮ, ಒಟ್ಗೇ ಹೋಗಾನ."

"ನಡಿ ಅಂದೆ. ನೀನಿದ್ರೆ ಅದಕ್ಕೂ ಗೊತ್ತಾಯ್ತೈತೆ, ನೂಕೋರು ಅವ್ರೆ ಅಂತ."

ನಡೆದೆ. ಹಳ್ಳದವರೆಗೂ ಕಿವಿ ಹಿಂದಕ್ಕೇ ಇತ್ತು. ಒಂದೂ ಸದ್ದಿಲ್ಲ. ತಿರುಗಿ ಹೋಗೋಣವೇ ಎಂದುಕೊಳ್ಳುವಾಗ ಹಿಂದಿನಿಂದ ಎಂಜಿನ್ನು ಗುಡುಗಿತು. ಅವರು ನನ್ನ ಪಕ್ಕದಲ್ಲೇ ಮರಳು ಹಾರಿಸುತ್ತ ಹಾದು, ನಿಲ್ಲಿಸದೆ, ನನ್ನತ್ತ ನೋಡದೆ, ಏರು ಹತ್ತಿ ಮರೆಯಾದರು. ಬಾಯಲ್ಲಿ ಮರಳು ಕಚ್ಚುತ್ತಿದ್ದರೂ ನಾನು ಒಬ್ಬನೇ ನಗುತ್ತಾ ನಡೆದೆ.

ದೊಡ್ಡಮ್ಮ ಅದಾದ ಮೇಲೆ ಎರಡು ಬೆಳೆ ತೆಗೆದರು. ಕೊನೆಗಾಲದಲ್ಲಿ ಕಾಯಿಲೆ ಬಹಳ ದಿನ ಮಲಗಿಸಲಿಲ್ಲ. ನಾನು ಮಧುಗಿರಿಯಿಂದ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ತಮ್ಮ ವರ್ಷಕ್ಕೊಮ್ಮೆ ಕಾಗದ ಹಿಡಿದು ಬರುತ್ತಾನೆ. ದೊಡ್ಡಪ್ಪ ಅವನಿಗೆ ಮಜ್ಜಿಗೆ ಕೊಡುತ್ತಾರೆ, ಕಾಗದವನ್ನು ಪೂರ್ತಿ ಓದುತ್ತಾರೆ, ಮಡಚಿ ಹಿಂದಕ್ಕೆ ಕೊಡುತ್ತಾರೆ.

"ನಂದೇನಿಲ್ಲಪ್ಪ," ಎನ್ನುತ್ತಾರೆ. "ಅವ್ಳು ಒಪ್ಬೇಕಲ್ಲ."