ಬ್ರೇಕಿನ ಮುಂದೆ ನಿಂತ ಮಿಸ್ತ್ರಿ

ಹಿಟ್ನಾಳದ ಹತ್ತಿರ ಇಳಿಜಾರು ರಸ್ತೆಯ ನಟ್ಟನಡುವೆ ಮಿಸ್ತ್ರಿ ಹುಸೇನಸಾಬ ಎರಡೂ ಕೈ ಚಾಚಿ ನಿಂತಿದ್ದ. ಅವನತ್ತ ಬರುತ್ತಿದ್ದ ಹಳೆಯ ಮೋರಿಸ್ ಕಾರಿನ ಸ್ಟೇರಿಂಗ್ ಹಿಡಿದವನು ನಾನು.

ಎಪ್ಪತ್ತರ ದಶಕದ ಕೊನೆಯ ಮಾತು. ಮಾವನವರ ಕಾಲದ ಆ ಕಾರನ್ನು ಅವನ ಕೊಪ್ಪಳದ ಗ್ಯಾರೇಜಿನಲ್ಲಿ ಹೊಸದರಂತೆ ಮಾಡಿಸುತ್ತಿದ್ದೆ. ಕೆಲಸ ಅವನದು, ಚಿಂತೆ ನನ್ನದು. ಬ್ರೇಕ್ ಜೋಡಿಸಿದ ಮೇಲಂತೂ "ಖರೇನ ಹಿಡೀತೈತೇನು?" ಎಂದು ಕೇಳಿ ಕೇಳಿ ಅವನ ತಲೆ ತಿಂದಿದ್ದೆ. ಕೊನೆಗೆ ಸಿಟ್ಟಿಗೆದ್ದ ಅವನು, "ನಡೀರಿ ಮಾಸ್ತರ, ನಾ ಮುಂದ ನಿಂದರ್ತೀನಿ, ನೀವ ಹೊಡಕೊಂಡು ಬರ್ರಿ" ಎಂದು ಅಲ್ಲಿಗೆ ಕರೆತಂದಿದ್ದ.

ಮೊದಲ ಸಲ ಹೆದರಿ ಬಹಳ ದೂರದಲ್ಲೇ ನಿಲ್ಲಿಸಿಬಿಟ್ಟೆ.

"ಹಿಂಗಾದ್ರ ಎತ್ತಿನ ಬಂಡಿನೂ ನಿಂದರ್ತೈತ್ರಿ! ಜೋರ್ ಬರ್ರಿ!" ಎಂದು ಕೂಗಿದ.

ಎರಡನೇ ಸಲ ಜೋರಾಗಿಯೇ ಬಂದೆ. ಅವನ ಮೀಸೆ ಕಾಣುವಷ್ಟು ಹತ್ತಿರವಾದಾಗ ಕಣ್ಣು ಮುಚ್ಚಿ ಬ್ರೇಕ್ ಒತ್ತಿದೆ. ಕಾರು ಕಿರುಚಿ ನಿಂತಿತು. ಕಣ್ಣು ತೆರೆದರೆ ಎದುರಿಗೆ ಬರೀ ರಸ್ತೆ. ಕೆಳಗಿಳಿದು ಗಾಲಿಗಳ ನಡುವೆ ಬಗ್ಗಿ ನೋಡುವ ಧೈರ್ಯ ನನಗಿರಲಿಲ್ಲ.

"ಇಲ್ಲೇ ಅದೀನ್ರಿ!"

ಪಕ್ಕದ ಜಾಲಿ ಗಿಡಗಳ ನಡುವೆ ಕೂತು ಅವನು ಮೈಗೆ ಚುಚ್ಚಿದ ಮುಳ್ಳು ಕೀಳುತ್ತಿದ್ದ. "ಬ್ರೇಕಿನ ಮ್ಯಾಲೆ ನನಗ ನಂಬಿಕಿ ಐತ್ರಿ. ಒತ್ತೋ ಕಾಲು ನಿಮ್ಮದು, ಅದನ್ನ ಹೆಂಗ ನಂಬ್ಲಿ?"

ಅಂದಿನಿಂದ ಯಾವ ಮಿಸ್ತ್ರಿಯನ್ನೂ ಒಂದಕ್ಕಿಂತ ಹೆಚ್ಚು ಸಲ ಕೇಳುವುದಿಲ್ಲ. ಆದರೆ ರಸ್ತೆಯಲ್ಲಿ ಯಾರಾದರೂ ಅಡ್ಡ ಬಂದರೆ ಸಾಕು, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದರೂ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತದೆ.